ಬಿಳಿ ಕಿವಿಯ ನಾಯಿ

ಅವನ ಕಸುಬು ಬೈಕ್ ರಿಪೇರಿ. ಗಿರಾಕಿಗಳು ಇಟ್ಟ ಹೆಸರು ವಕೀಲ. ಗಾಡಿ ತಂದು ನಿಲ್ಲಿಸಿದವರನ್ನು ಅವನು ಮೊದಲು ಕಟಕಟೆಗೆ ಹತ್ತಿಸುತ್ತಿದ್ದ, ಸ್ಪ್ಯಾನರು ಮುಟ್ಟುವುದೇನಿದ್ದರೂ ಆಮೇಲೆ. ಸದ್ದು ಯಾವಾಗ ಶುರುವಾಯಿತು? ಇಂಜಿನ್ ತಣ್ಣಗಿರುವಾಗಲೋ, ಕಾದ ಮೇಲೋ? ಬೇರೆಯವರ ಕೈಗೆ ಕೊಟ್ಟಿದ್ದಿರಾ, ನಿಜ ಹೇಳಿ. ಗಾಡಿ ಸುಳ್ಳು ಹೇಳುವುದಿಲ್ಲ, ಓಡಿಸುವವರು ಹೇಳುತ್ತಾರೆ ಎಂದು ದಿನಕ್ಕೆ ಹತ್ತು ಸಲವಾದರೂ ಅನ್ನುತ್ತಿದ್ದ. ಬೈಸಿಕೊಂಡವರು ನಗುತ್ತಿದ್ದರು, ಮುಂದಿನ ಸಲ ಗಾಡಿ ಕೆಟ್ಟಾಗ ಮತ್ತೆ ಅವನ ಹತ್ತಿರವೇ ಬರುತ್ತಿದ್ದರು.

ಆ ಭಾನುವಾರ ಬೆಳಗ್ಗೆ ಕಟಕಟೆಗೆ ಬಂದು ನಿಂತವಳು ಅವನ ಮಗಳೇ.

ಮನೆಯ ಮುಂದಿನ ಕೋಣೆಯೇ ಗ್ಯಾರೇಜು. ಅದರ ಹಿಂದಿನ ಬಾಗಿಲು ಸೀದಾ ಅಡುಗೆಮನೆಗೆ. ಆ ಹೊಸ್ತಿಲ ಪಕ್ಕ ಎತ್ತರದ ಸ್ಟೂಲಿನ ಮೇಲೆ ಅವನ ಹೆಂಡತಿ ಕೂತು ತರಕಾರಿ ಹೆಚ್ಚುತ್ತಿದ್ದಳು. ಅವಳ ಬಲ ಮೊಣಕಾಲು ಮಡಚಲು ಬರುವುದಿಲ್ಲ. ಒಂಬತ್ತು ವರ್ಷದಿಂದ ಆ ಕಾಲು ಕೋಲಿನ ಹಾಗೆ ಮುಂದಕ್ಕೆ ಚಾಚಿಕೊಂಡೇ ಇದೆ. ಗ್ಯಾರೇಜಿನಿಂದ ಒಳಗೆ ಹೋಗುವವರು ಅದನ್ನು ಸುತ್ತಿಕೊಂಡೇ ಹೋಗಬೇಕು.

"ಅಪ್ಪ, ಮೀಟರಲ್ಲಿ ಬ್ರೇಕಿನ ದೀಪ ಹತ್ಕೊಳ್ತಿದೆ," ಎಂದಳು ಮಗಳು ಹೆಲ್ಮೆಟ್ ತೆಗೆಯುತ್ತಾ. "ಯಾವಾಗ್ಲೂ ಅಲ್ಲ, ಒಂದೊಂದ್ಸಲ. ಕೆಂಪಗೆ ಬರುತ್ತೆ, ಸರಿಯಾಗಿ ನೋಡೋಷ್ಟರಲ್ಲಿ ಆರಿಹೋಗುತ್ತೆ."

ಆ ದೀಪ ವಕೀಲನಿಗೆ ಹೊಸದಲ್ಲ. ಆದರೆ ಬಾಯಿ ತನ್ನ ರೂಢಿ ಬಿಡಲಿಲ್ಲ.

"ಎಷ್ಟು ದಿನದಿಂದ?"

"ಎರಡು ವಾರ ಆಯ್ತೇನೋ."

"ಬ್ರೇಕ್ ಒತ್ತಿದಾಗ ಬರುತ್ತಾ?"

"ಒತ್ತದೇ ಇದ್ರೂ ಬರುತ್ತೆ."

"ಹ್ಯಾಂಡಲ್ ತಿರುಗಿಸಿದಾಗ? ಗಾಡಿ ತೊಳೆದ ಮೇಲೆ?"

"ಹಾಗೇನಿಲ್ಲಪ್ಪ. ಅದಕ್ಕೆ ಹೊತ್ತುಗೊತ್ತೇ ಇಲ್ಲ."

ಇನ್ನೊಂದು ಪ್ರಶ್ನೆ ಬಾಕಿಯಿತ್ತು. ಹಿಂದೆ ಯಾರಾದರೂ ಕೂತಿದ್ದರಾ? ನಾಲಿಗೆಯ ತುದಿವರೆಗೂ ಬಂದದ್ದನ್ನು ವಕೀಲ ಉಗುಳಿನ ಜೊತೆ ನುಂಗಿಬಿಟ್ಟ. ಹೊಸ್ತಿಲಲ್ಲಿ ಚಾಕುವಿನ ಸದ್ದು ನಿಂತಿತು.

ಕೇಳದಿದ್ದರೇನಂತೆ, ಉತ್ತರ ತಾನಾಗಿಯೇ ಬಂತು. "ಒಂದು ಗಂಟೆಗೆ ಗಾಡಿ ಬೇಕೇ ಬೇಕು," ಎಂದಳು ಮಗಳು. ಅವಳು ಲ್ಯಾಬಿನವಳು, ಮನೆಮನೆಗೆ ಹೋಗಿ ರಕ್ತದ ಸ್ಯಾಂಪಲ್ ತರುವುದು ಅವಳ ಕೆಲಸ. "ನಮ್ಮ ದೊಡ್ಡಕ್ಕನ ಗಾಡಿ ಕೆಟ್ಟು ಎರಡು ವಾರ ಆಯ್ತು, ನನ್ನ ಹಿಂದೆನೇ ಬರ್ತಾಳೆ. ಇವತ್ತು ನೀರಿನ ಟ್ಯಾಂಕಿನ ಕಡೆ ಡ್ಯೂಟಿ." ದೊಡ್ಡಕ್ಕ ಅನ್ನುವುದು ಲ್ಯಾಬಿನವರು ಇಟ್ಟ ಹೆಸರು, ವಯಸ್ಸು ನೋಡಿ ಇಟ್ಟದ್ದಲ್ಲ, ಗಾತ್ರ ನೋಡಿ. ಮಗಳು ಕೀಲಿಕೈ ಮೇಜಿನ ಮೇಲಿಟ್ಟು ಸ್ನಾನಕ್ಕೆ ಹೋದಳು.

ನೀರಿನ ಟ್ಯಾಂಕಿನ ಇಳಿಜಾರು. ಅದೇ ಇಳಿಜಾರು, ಇದೇ ಗಾಡಿ.

ಒಂಬತ್ತು ವರ್ಷದ ಹಿಂದೆ ಈ ದೀಪವನ್ನು ಮೊದಲು ಕಂಡವಳು ಹೆಂಡತಿ. ಹಿಂದೆ ಅಡ್ಡಕ್ಕೆ ಕೂತು, ಅವನ ಭುಜದ ಪಕ್ಕದಿಂದ ಇಣುಕಿ, "ರೀ, ಏನೋ ಕೆಂಪಗೆ ಹತ್ಕೊಂತು," ಎಂದಿದ್ದಳು. ಅವನೊಬ್ಬನೇ ಓಡಿಸಿದಾಗ ಬರಲಿಲ್ಲ. ಅವಳು ಕೂತರೆ ಬರುತ್ತಿತ್ತು. "ನಾನು ಕೂತಾಗ ಮಾತ್ರ ಬರುತ್ತಲ್ರೀ?" ಎಂದು ಅವಳೇ ಕೇಳಿದಳು. ಅದಕ್ಕವನು ರಸ್ತೆಗೆಲ್ಲ ಕೇಳುವಂತೆ ನಕ್ಕು, "ನಿನ್ನ ಭಾರ ತಡೀಲಾರದೆ ಗಾಡಿ ಅಳ್ತಿದೆ ಕಣೇ," ಎಂದಿದ್ದ. ನಾಲ್ಕು ಹನಿ ಬ್ರೇಕ್ ಆಯಿಲ್ ಹಾಕಿದ, ದೀಪ ಕೆಲವು ದಿನ ಸುಮ್ಮನಿತ್ತು, ಮತ್ತೆ ಬಂತು. ಆ ಇಳಿಜಾರಿನಲ್ಲಿ ಅವಳು ಮೂರನೇ ಸಲ ಹೇಳಿದಾಗ, "ಗಾಡಿ ಓಡಿಸ್ತಿರೋದು ನಾನಾ, ನೀನಾ?" ಎಂದು ಗದರಿದ. ಆಮೇಲೆ ಕಾಲಿನ ಕೆಳಗೆ ಬ್ರೇಕಿನ ಪೆಡಲು ಗಾಳಿ ತುಳಿದ ಹಾಗೆ ಕೆಳಗಿಳಿಯಿತು. ಗಾಬರಿಯಲ್ಲಿ ಮುಂದಿನ ಬ್ರೇಕ್ ಗಟ್ಟಿಯಾಗಿ ಹಿಡಿದ. ಅವಳು ಫುಟ್‌ಪಾತಿನ ಅಂಚಿನ ಮೇಲೆ ಹೋಗಿ ಬಿದ್ದಳು.

ಆಸ್ಪತ್ರೆಯ ಬೆಂಚಿನ ಮೇಲೆ ಅವಳ ತಮ್ಮ, "ಹೇಗಾಯ್ತು ಭಾವ?" ಎಂದು ಕೇಳಿದ. ಬೈಕ್ ಮೆಕ್ಯಾನಿಕ್ ತನ್ನ ಬ್ರೇಕೇ ನೋಡಿಕೊಂಡಿರಲಿಲ್ಲ ಎಂದು ಯಾವ ಬಾಯಿಂದ ಹೇಳುವುದು? "ನಾಯಿ ಅಡ್ಡ ಬಂತು," ಎಂದ. ಬರಿ ನಾಯಿ ಅಂದರೆ ಯಾರೂ ನಂಬರು, ಸುಳ್ಳಿಗೂ ಕೈಕಾಲು ಬೇಕು ಅನ್ನುವುದು ವಕೀಲನಿಗೆ ಗೊತ್ತಿತ್ತು. ತಮ್ಮ ಬೀದಿಯ ಬೇಕರಿ ಮುಂದೆ ಮಲಗುತ್ತಿದ್ದ ನಾಯಿ ನೆನಪಾಯಿತು. "ಕಂದು ಬಣ್ಣದ್ದು, ಒಂದು ಕಿವಿ ಬಿಳಿ," ಎಂದು ಸೇರಿಸಿದ. ಹನ್ನೆರಡು ವರ್ಷದ ಮಗಳು ಮಾವನ ಪಕ್ಕದಲ್ಲೇ ನಿಂತು ಕೇಳಿಸಿಕೊಂಡಳು. ಹೆಂಡತಿಗೆ ಎಚ್ಚರವಾದ ಮೇಲೆ ನಾಯಿಯ ಕತೆ ಅವಳ ಕಿವಿಗೂ ಬಿತ್ತು. ಅವಳು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ.

ಅದೇ ವಾರ ಶಟರ್ ಎಳೆದುಕೊಂಡು, ಒಡೆದ ಬ್ರೇಕ್ ಪೈಪನ್ನು ಕಿತ್ತು ಹೊಸದು ಹಾಕಿದ. ಯಾಕೆ ಒಡೆಯಿತು ಎಂದು ಹುಡುಕಲಿಲ್ಲ. ಬೇರೆಯವರ ಗಾಡಿಯಾಗಿದ್ದರೆ ಅರ್ಧ ದಿನ ಹುಡುಕುತ್ತಿದ್ದ. ಅಂದಿನಿಂದ ಯಾರನ್ನೂ ಹಿಂದೆ ಕೂರಿಸಿಕೊಳ್ಳಲಿಲ್ಲ. ಪಾಪ, ಹೆಂಡತಿ ಬಿದ್ದ ಆಘಾತ ಎಂದು ಜನ ಮರುಗಿದರು. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡದ್ದನ್ನು ಕಂಡವಳು ಒಬ್ಬಳೇ, ಅವಳೂ ಬಾಯಿ ಬಿಡಲಿಲ್ಲ.

ಈಗ ವಕೀಲ ಗಾಡಿ ಹತ್ತಿ ಒಬ್ಬನೇ ಒಂದು ಸುತ್ತು ಹೋಗಿಬಂದ. ದೀಪ ಬರಲಿಲ್ಲ. ಎರಡನೇ ಸುತ್ತಿಗೂ ಬರಲಿಲ್ಲ. ಬರುವುದಿಲ್ಲವೆಂದು ಗೊತ್ತಿದ್ದೂ ಮೂರನೇ ಸಲ ಹೋದ. ವಾಪಸ್ಸು ಬಂದು ಬದಿಯ ಮುಚ್ಚಳ ತೆಗೆದು ನೋಡಿದರೆ, ಡಬ್ಬಿಯಲ್ಲಿ ಬ್ರೇಕ್ ಆಯಿಲ್ ಕೆಳಗಿನ ಗೆರೆಗೆ ಕೂದಲೆಳೆಯಷ್ಟು ಮೇಲಿತ್ತು. ಗಾಡಿಯ ಹಿಂಭಾಗ ಭಾರಕ್ಕೆ ತಗ್ಗಿದರೆ ಆಯಿಲ್ ಒಂದು ಕಡೆ ವಾಲಿ, ಅದರ ಮೇಲೆ ತೇಲುವ ಬೆಂಡು ಕುಸಿದು, ದೀಪ ಹತ್ತುತ್ತದೆ. ಅಷ್ಟೇ. ಅವನ ಅಂದಿನ ತಮಾಷೆಯಲ್ಲೇ ಉತ್ತರ ಇತ್ತು. ಆದರೆ ಆಯಿಲ್ ಕಡಿಮೆಯಾದದ್ದು ಯಾಕೆ ಅನ್ನುವುದು ಮುಂದಿನ ಪ್ರಶ್ನೆ, ಅದರ ಹಿಂದೆ ಇನ್ನೊಂದು, ಕೊನೆಗೆ ಆ ನಾಯಿ. ವಕೀಲ ಕಪಾಟಿನಿಂದ ಆಯಿಲ್ ಕ್ಯಾನು ತೆಗೆದ.

"ಆಯಿಲ್ ಹಾಕ್ತಿದ್ದೀರಾ?" ಹೊಸ್ತಿಲಿಂದ ಹೆಂಡತಿ ಕೇಳಿದಳು.

"ಹ್ಞೂಂ. ಸ್ವಲ್ಪ ಕಮ್ಮಿ ಆಗಿದೆ."

"ಆಗ್ಲೂ ಹಾಕಿದ್ರಿ."

ಕ್ಯಾನು ಅವನ ಕೈಯಲ್ಲೇ ನಿಂತಿತು. ಒಂಬತ್ತು ವರ್ಷದಲ್ಲಿ ಅವಳು ಆ ದಿನಗಳ ಬಗ್ಗೆ ಆಡಿದ ಮೊದಲ ಮಾತು ಅದು. ಅವನಿಗೆ ಸಿಟ್ಟು ಬಂತು, ನಾಚಿಕೆಯಾಯಿತು, ಎರಡರಲ್ಲಿ ಯಾವುದು ಮೊದಲು ಅನ್ನುವುದು ಅವನಿಗೇ ತಿಳಿಯಲಿಲ್ಲ. ಅವಳು ಕೋಲೂರಿ ಎದ್ದು ಗಾಡಿಯ ಹತ್ತಿರ ಬಂದಳು.

"ನಡೀರಿ. ನಾನು ಹಿಂದೆ ಕೂತ್ಕೋತೀನಿ."

"ಹುಚ್ಚಾ ನಿಂಗೆ?"

"ಮತ್ತೆ ಮಗಳು ಆ ಹೆಣ್ಣುಮಗಳನ್ನ ಕೂರಿಸ್ಕೊಂಡು ಅದೇ ಇಳಿಜಾರಿಗೆ ಹೋದ್ರೆ ಅದು ಹುಚ್ಚಲ್ವಾ?"

ಅವಳನ್ನು ಹತ್ತಿಸುವುದಕ್ಕೇ ಐದು ನಿಮಿಷ ಬೇಕಾಯಿತು. ಅಡ್ಡಕ್ಕೆ ಕೂತಳು, ಬಲಗಾಲು ಪಕ್ಕಕ್ಕೆ ನೆಟ್ಟಗೆ ಚಾಚಿಕೊಂಡಿತು. ಅವಳ ಕೈ ಅವನ ಭುಜದ ಮೇಲೆ ಬಿದ್ದ ಮೇಲೆ ವಕೀಲ ಗೇರು ಹಾಕಿದ. ಸಮತಟ್ಟಾದ ಬೀದಿಯಲ್ಲಿ, ನಡೆಯುವವರು ಹಿಂದೆ ಹಾಕುವಷ್ಟು ನಿಧಾನವಾಗಿ ಹೋದರು. ಕ್ಷೌರದಂಗಡಿಯವನು ಬಾಚಣಿಗೆ ಹಿಡಿದುಕೊಂಡೇ ಹೊರಗೆ ಬಂದು, "ಏನ್ ವಕೀಲ್ರೇ, ಹೊಸ ಮದುವೆನಾ?" ಎಂದು ಕೂಗಿದ. ವಕೀಲನಿಗೆ ನಗಲಾಗಲಿಲ್ಲ. ಬೇಕರಿಯ ಮುಂದೆ ಒಂದು ಸಣ್ಣ ಗುಂಡಿ. ಗಾಡಿ ತಗ್ಗಿ ಎದ್ದಿತು.

"ಬಂತು," ಎಂದಳು ಹೆಂಡತಿ.

ಅವನೂ ನೋಡಿದ್ದ. "ಹೌದು ಕಣೇ, ಬಂತು," ಎಂದ. ಒಂಬತ್ತು ವರ್ಷದ ಹಿಂದೆ ಹೇಳಬೇಕಾಗಿದ್ದ ಮಾತು ಅದು.

ತಿರುಗಿ ಬರುವಷ್ಟರಲ್ಲಿ ಮಗಳು ಒದ್ದೆ ಕೂದಲಲ್ಲೇ ಗ್ಯಾರೇಜಿನ ಬಾಗಿಲಿಗೆ ಬಂದಿದ್ದಳು. ಅಮ್ಮ ಬೈಕಿನ ಮೇಲೆ ಕೂತದ್ದನ್ನು ನೋಡಿ ಬಾಯಿ ತೆರೆದವಳು ಮುಚ್ಚಲಿಲ್ಲ. ವಕೀಲ ಹೆಂಡತಿಯನ್ನು ಇಳಿಸಿ, ಮಗಳನ್ನು ಸೀಟಿನ ಹಿಂದಿನ ತುದಿಗೆ ಕೂರಿಸಿ, ಟಾರ್ಚ್ ಹಿಡಿದು ನೆಲಕ್ಕೆ ಬೆನ್ನು ಹಾಕಿ ಗಾಡಿಯ ಪಕ್ಕ ತಲೆ ತೂರಿಸಿದ. ಮಗಳ ಭಾರಕ್ಕೆ ಹಿಂದಿನ ಚಕ್ರ ಹಿಡಿದ ಕಬ್ಬಿಣದ ತೋಳು ಮೇಲೆದ್ದು, ಅದರ ಅಂಚು ಪೈಪಿಗೆ ಒತ್ತಿಕೊಂಡಿತು. ಒತ್ತಿದ ಜಾಗದಲ್ಲಿ ರಬ್ಬರು ಸವೆದು ಒಳಗಿನ ನೂಲು ಕಾಣುತ್ತಿತ್ತು, ನೂಲಿನ ಮೇಲೆ ಒಂದು ಹನಿ. ಪೈಪನ್ನು ತೋಳಿನಿಂದ ದೂರ ಹಿಡಿಯಲು ಹೆಬ್ಬೆರಳಿನಷ್ಟು ದೊಡ್ಡ ಒಂದು ಕ್ಲಿಪ್ ಇರಬೇಕಾಗಿತ್ತು. ಅದು ಒಂಬತ್ತು ವರ್ಷದ ಹಿಂದೆಯೂ ಇರಲಿಲ್ಲ, ಇವನು ಹೊಸ ಪೈಪ್ ಹಾಕಿದಾಗಲೂ ಇರಲಿಲ್ಲ. ಸ್ಕ್ರೂ ಕೂರಬೇಕಾದ ತೂತಿನಲ್ಲಿ ಮಣ್ಣು ಕಲ್ಲಾಗಿತ್ತು.

"ಇಬ್ರು ಕೂತ್ರೆ ಬರುತ್ತೆ ಅಂತ ಹೇಗೆ ಗೊತ್ತಾಯ್ತು?" ಮೇಲಿನಿಂದ ಮಗಳ ದನಿ. "ಅಮ್ಮ, ನಿಂಗೆ ಹೇಗೆ ಗೊತ್ತು?"

ಹೆಂಡತಿಯ ಕೋಲಿನ ತುದಿ, ಚಪ್ಪಲಿ, ಸೀರೆಯ ಅಂಚು ಇಷ್ಟೇ ಅವನಿಗೆ ಕಾಣುತ್ತಿದ್ದದ್ದು. ಅವು ಕದಲಲಿಲ್ಲ. ಎದ್ದು ಮುಖ ಕೊಟ್ಟರೆ ಮಾತು ಹೊರಡುವುದಿಲ್ಲವೆಂದು ವಕೀಲ ಮಲಗಿದಲ್ಲಿಂದಲೇ ಹೇಳಿದ.

"ಅವತ್ತು ನಾಯಿ ಅಡ್ಡ ಬಂದಿರ್ಲಿಲ್ಲ ಮಗಳೇ."

ಮಗಳು ಸೀಟಿನಿಂದ ಇಳಿದಳು. ಕಬ್ಬಿಣದ ತೋಳು ಪೈಪನ್ನು ಬಿಟ್ಟು ಕೆಳಗೆ ಸರಿಯಿತು.

"ಮತ್ತೆ ಏನಾಯ್ತು?"

"ಬ್ರೇಕ್ ಹೋಯ್ತು. ಇದೇ ಪೈಪು."

"ದೀಪ ಬಂದಿತ್ತಾ?"

"ಬಂದಿತ್ತು. ನಿಮ್ಮಮ್ಮ ಮೂರು ಸಲ ಹೇಳಿದ್ಲು. ನಾನು ಕೇಳ್ಲಿಲ್ಲ."

ವಕೀಲನ ಮಗಳಲ್ಲವೇ, ಅವಳು ಅಲ್ಲಿಗೆ ಬಿಡಲಿಲ್ಲ. ಅಮ್ಮನ ಕಡೆ ತಿರುಗಿದಳು. "ನೀನ್ಯಾಕೆ ಬಾಯಿ ಮುಚ್ಕೊಂಡಿದ್ದೆ?"

"ಬ್ರೇಕ್ ನೋಡ್ಕೊಳ್ದೆ ಹೆಂಡ್ತಿ ಕಾಲು ಮುರಿದ ಅಂದ್ರೆ ಇವರ ಹತ್ರ ಯಾರಮ್ಮ ಗಾಡಿ ಬಿಡ್ತಾರೆ? ಕಾಲಂತೂ ಹೋಯ್ತು, ಅನ್ನಾನೂ ಹೋಗೋದು ಬೇಡ ಅಂದ್ಕೊಂಡೆ." ಕೋಲನ್ನು ಇನ್ನೊಂದು ಕೈಗೆ ಬದಲಿಸುತ್ತಾ, "ಇವತ್ತು ಹೇಳ್ತಾರೆ, ನಾಳೆ ಹೇಳ್ತಾರೆ ಅಂತ ಕಾಯ್ತಾನೂ ಇದ್ದೆ," ಎಂದಳು.

ವಕೀಲ ಎದ್ದು ಕೂತ. ಮಗಳು ಬೈಯುತ್ತಾಳೆ, ಕಿರುಚುತ್ತಾಳೆ ಎಂದು ತಲೆ ತಗ್ಗಿಸಿದ. ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತು. ಅವಳು ಗೋಡೆಗೊರಗಿ ರಸ್ತೆಯಾಚೆ ಬೇಕರಿಯ ಕಡೆ ನೋಡುತ್ತಿದ್ದಳು.

"ಅಲ್ಲಿ ಒಂದು ಕಂದು ನಾಯಿ ಇತ್ತಲ್ಲಪ್ಪ, ಒಂದು ಕಿವಿ ಬಿಳಿ," ಎಂದಳು. "ಶಾಲೆಯಿಂದ ಬರ್ತಾ ದಿನಾ ಅದಕ್ಕೆ ಕಲ್ಲು ಹೊಡೀತಿದ್ದೆ. ಅಮ್ಮನ ಕಾಲಿಗೆ ಸೇಡು ಅಂತ. ಒಂದಿನ ಕಣ್ಣಿಗೇ ಬಿತ್ತು, ಆ ಕಣ್ಣು ಹೋಯ್ತು. ಆಮೇಲೂ ಅದು ನನ್ನ ಕಂಡ್ರೆ ಬಾಲ ಆಡಿಸ್ತಿತ್ತು. ಯಾಕಿದು ಬಾಲ ಆಡ್ಸುತ್ತೆ, ಮಾಡಿದ ತಪ್ಪು ಇದಕ್ಕೆ ಗೊತ್ತಿಲ್ವಾ ಅಂತ ಇನ್ನೂ ಸಿಟ್ಟು ಬರ್ತಿತ್ತು."

ಟಾರ್ಚ್ ಅವನ ಕೈಯಲ್ಲಿ ಹಗಲಲ್ಲೇ ಉರಿಯುತ್ತಿತ್ತು. ಅದನ್ನು ಆರಿಸುವುದು ಅವನಿಗೆ ಹೊಳೆಯಲಿಲ್ಲ.

"ಇದನ್ನೆಲ್ಲ ನನಗ್ಯಾಕೆ ಹೇಳ್ಲಿಲ್ಲ ನೀನು?" ಎಂದ.

"ನೀನು ಕೇಳ್ಲೇ ಇಲ್ವಲ್ಲಪ್ಪ," ಎಂದಳು ಮಗಳು.