ಅವನ ಪಾಲಿನ ಹದಿನೈದು ಮಾತ್ರೆ

ಗಂಡನನ್ನು ಅವನು ಇವನು ಎನ್ನಬಾರದಂತೆ. ಎನ್ನುತ್ತೇನೆ, ಏನೀಗ? ಆರು ವರ್ಷದ ಹಿಂದೆ ನಾನು ಬಸುರಿಯಾಗಿದ್ದಾಗ ಚನ್ನಪಟ್ಟಣದ ಆಸ್ಪತ್ರೆಯಲ್ಲಿ ರಕ್ತ ನೋಡಿ, ಎಚ್‌ಐವಿ ಇದೆ ಎಂದರು. ಮಾರನೆಯ ವಾರ ಗಂಡ ಬಾಲರಾಜುವಿನ ರಕ್ತವನ್ನೂ ನೋಡಿದರು. ಅವನಿಗೂ ಇತ್ತು. ಆ ಚೀಟಿಯನ್ನು ಬಸ್‌ಸ್ಟ್ಯಾಂಡಿನಲ್ಲೇ ಹರಿದು ಚರಂಡಿಗೆ ಎಸೆದ. ಹೊಂಗನೂರಿಗೆ ಬಂದವನೇ ತಾಯಿ ಮುನಿಯಮ್ಮನ ಮುಂದೆ, 'ನಂಗೇನಿಲ್ಲ ಕಣವ್ವ, ಇವ್ಳೇ ತವ್ರಿಂದ ತಂದವ್ಳೆ' ಎಂದ. ಅವತ್ತಿನಿಂದ ಊರಿಗೆಲ್ಲ ರೋಗದವಳು ನಾನೊಬ್ಬಳೇ.

ಮಗಳು ಧನುಶ್ರೀಗೆ ಏನೂ ತಗಲಲಿಲ್ಲ, ಆಸ್ಪತ್ರೆಯವರು ನನಗೆ ಕೊಟ್ಟ ಮಾತ್ರೆಯ ಪುಣ್ಯ. ನಾನೂ ಗಟ್ಟಿಯಾಗಿದ್ದೆ. ಎರಡು ವರ್ಷದ ಹಿಂದೆ ಅವನು ಸೊರಗತೊಡಗಿದ. ಆಸ್ಪತ್ರೆಗೆ ಹೋಗು ಎಂದದ್ದಕ್ಕೆ ನನ್ನ ಕೆನ್ನೆಗೆ ಬಿತ್ತು. ಆಮೇಲೆ ನನ್ನ ಡಬ್ಬಿಗೇ ಕೈ ಹಾಕಿದ. ತಿಂಗಳಿಗೆ ಮೂವತ್ತು ಮಾತ್ರೆ, ದಿನಕ್ಕೊಂದು. ಒಂದು ದಿನ ಅವನಿಗೆ, ಒಂದು ದಿನ ನನಗೆ. ಕೊಡದಿದ್ದರೆ ಒದೆ. ಅವನೂ ನೆಟ್ಟಗಾಗಲಿಲ್ಲ, ನಾನೂ ಇಳಿದುಹೋದೆ.

ಈ ಸೋಮವಾರ, ಮಾತ್ರೆ ಕೊಡುವ ಮುಂಚೆ ಕೂರಿಸಿ ವಿಚಾರಿಸುವ ಅನೀಸಾ ಮೇಡಂ ನನ್ನ ರಿಪೋರ್ಟ್ ನೋಡಿ ಸಿಡಿದರು. 'ವೈರಸ್ ಇಷ್ಟು ಏರೈತಲ್ಲಮ್ಮ! ಮಾತ್ರೆ ತಿಂತಿದೀಯೋ, ಕೋಳಿಗೆ ಹಾಕ್ತಿದೀಯೋ? ಹಿಂಗೇ ಆದ್ರೆ ಈ ಔಷಧಿ ನಿಂಗೆ ಕೆಲ್ಸಾನೇ ಮಾಡಲ್ಲ. ಮಗಳನ್ನ ಯಾರು ನೋಡ್ಕೋತಾರೆ?'

ಮರೆತುಹೋಗುತ್ತದೆ ಎಂದು ಎಂದಿನಂತೆ ಬೊಗಳೆ ಬಿಟ್ಟೆ. ಅವರು ನನ್ನ ಊದಿದ ದವಡೆ ನೋಡಿ, ಎದ್ದು ಬಾಗಿಲು ಹಾಕಿದರು. ತಡೆಯಲಾಗದೆ ಎಲ್ಲವನ್ನೂ ಹೇಳಿಬಿಟ್ಟೆ.

'ಅವನ ಹೆಸರಲ್ಲೇ ಪುಕ್ಕಟೆ ಕೊಡ್ತೀವಲ್ಲಮ್ಮ, ಬರಬೇಕು ಅಷ್ಟೆ,' ಎಂದರು. ಹೊಡೆದರೆ ಫೋನ್ ಮಾಡು ಎಂದು ನಂಬರನ್ನೂ ಬರೆದುಕೊಟ್ಟರು.

ಬಸ್ಸಿನಲ್ಲಿ ಕೂತು ಯೋಚಿಸಿದೆ. ನಾನು ಸತ್ತರೆ ಧನುಶ್ರೀ ಇವನ ಕೈಗೆ ಸಿಗುತ್ತಾಳೆ. ಥೂ, ಇವನಿಗಾಗಿ ನಾನು ಸಾಯಬೇಕೇ?

ಮನೆಯಲ್ಲಿ ರೇಷ್ಮೆ ಹುಳು ಹಣ್ಣಾಗಿದ್ದವು. ಹಣ್ಣಾದ ಹುಳುವನ್ನು ಅವತ್ತೇ ಆರಿಸಿ, ಗೂಡು ಕಟ್ಟಲು ಚಂದ್ರಿಕೆ ಎಂಬ ಬಿದಿರಿನ ತಟ್ಟಿಗೆ ಬಿಡಬೇಕು. ಅಕ್ಕಪಕ್ಕದ ಹತ್ತು ಜನ ಜಗಲಿಯಲ್ಲಿ ಆರಿಸುತ್ತಿದ್ದರು. ಅವನು ಕೈ ಒರೆಸಿಕೊಂಡು ನನ್ನ ಹಿಂದೆಯೇ ಒಳಗೆ ಬಂದು, 'ಡಬ್ಬಿ ಎಲ್ಲಮ್ಮಿ?' ಎಂದು ಪಿಸುಗುಟ್ಟಿದ.

ಡಬ್ಬಿ ಹಿಡಿದು ಸೀದಾ ಜಗಲಿಗೆ ಬಂದೆ. ಅವನು ಗಾಬರಿಯಿಂದ ಓಡಿಬಂದ. ಎಲ್ಲರ ಎದುರಿಗೆ ಒಂದು ಮಾತ್ರೆ ತೆಗೆದು ಅವನ ಮೂತಿಯ ಮುಂದೆ ಹಿಡಿದೆ.

'ಇವತ್ತು ನಿನ್ ಸರದಿ ಅಲ್ವಾ? ತಗೊ, ನುಂಗು.'

ಹುಳು ಆರಿಸುವ ಕೈಗಳೆಲ್ಲ ನಿಂತವು. 'ಇದೇನ್ಲಾ ಬಾಲ?' ಎಂದಳು ಮುನಿಯಮ್ಮ.

ಅವನ ಕೈ ಮೇಲಕ್ಕೆದ್ದಿತು, ಜನರನ್ನು ನೋಡಿ ಇಳಿಯಿತು. 'ನಂಗ್ಯಾಕಮ್ಮಿ ಅದು? ನಂಗೇನ್ ರೋಗ ಬಂದೈತಾ?'

'ಎಲ್ರೂ ಕೇಳುಸ್ಕೊಂಡ್ರಾ?' ಎಂದೆ. 'ಇನ್ಮೇಲೆ ಇವ್ನು ಈ ಡಬ್ಬಿ ಮುಟ್ಟುದ್ರೆ ನಿಮ್ಮುನ್ನೇ ಸಾಕ್ಷಿಗೆ ಕರಿತೀನಿ.'

ಮಾತ್ರೆಯನ್ನು ಬಾಯಿಗೆ ಹಾಕಿಕೊಂಡು ನೀರಿಲ್ಲದೆ ನುಂಗಿದೆ. ಅವನ ಕಣ್ಣು ನನ್ನ ಗಂಟಲಿನ ಮೇಲೇ ಇತ್ತು. ಅಯ್ಯೋ ಪಾಪ ಅನ್ನಿಸಲಿಲ್ಲ, ಸುಳ್ಳು ಯಾಕೆ ಹೇಳಲಿ.

'ಬದುಕ್ಬೇಕು ಅಂದ್ರೆ ನಾಳೆ ಎಂಟು ಗಂಟೆ ಬಸ್ ಹತ್ತು,' ಎಂದೆ. 'ಆಸ್ಪತ್ರೇಲಿ ನಿನ್ ಹೆಸ್ರು ಹೇಳು, ಕೊಡ್ತಾರೆ. ನನ್ನ ಹೊಡ್ದು ಕಿತ್ಕೊಳ್ಳೋದು ಇವತ್ತಿಗೆ ಮುಗೀತು.'