ಚೈನಿನ ತುದಿ

ಮಹಾಂತಪ್ಪನ ದೇಹ ಬೈಲಹೊಂಗಲದ ಆ ಓಣಿಗೆ ಬಂದಾಗ ಮಳೆ ಹನಿಯುತ್ತಿತ್ತು. ಕಬ್ಬಿನ ಹಂಗಾಮಿನ ನಡುವೆ ಯಾರೂ ಬೇಡದ ಮಳೆ. ಹಿಂದಿನ ದಿನ ಎಂ.ಕೆ. ಹುಬ್ಬಳ್ಳಿಯ ಕಾರ್ಖಾನೆಗೆ ಕಬ್ಬು ಹೇರಿಕೊಂಡು ಹೊರಟಿದ್ದ ಅವನ ಟ್ರ್ಯಾಕ್ಟರು ರಸ್ತೆಯ ಅಂಚಿನ ಕೆಸರಿನಲ್ಲಿ ಜಾರಿ, ಟ್ರೇಲರಿನ ಸಮೇತ ಮಗುಚಿ ಬಿದ್ದಿತ್ತು. ಆಂಬುಲೆನ್ಸು ಓಣಿಯ ಬಾಯಲ್ಲೇ ನಿಂತಿತು. ಒಳಗೆ ಬರುವಷ್ಟು ದಾರಿ ಇರಲಿಲ್ಲ. ಆಂಬುಲೆನ್ಸಿನ ಶಿವಲಿಂಗ ಮತ್ತು ಓಣಿಯ ಕೆಲವರು ಹೆಣದ ಕರಿಯ ಚೀಲದ ಹಿಡಿಕೆಗಳನ್ನು ಹಿಡಿದು ಮನೆಯ ಕಡೆ ನಡೆದರು.

ಅನ್ನಪೂರ್ಣಾ ಹೊಸ್ತಿಲಲ್ಲಿ ನಿಂತಿದ್ದಳು. ಅತ್ತೆ ಸೋಮವ್ವ ಮಗನನ್ನು ಎದುರುಗೊಳ್ಳಲು ಆಗಲೇ ಓಣಿಗೆ ಇಳಿದಿದ್ದಳು. ಮನೆ ಇನ್ನೇನು ಬಂತು ಅನ್ನುವಾಗ ಚೀಲದ ಚೈನು ತಲೆಯ ಕಡೆಯಿಂದ ಬಿಟ್ಟುಕೊಂಡಿತು. ಮೊದಲು ಚೈನು ಎಳೆಯುವ ರನ್ನರು ಕಳಚಿ ಓಣಿಗೆ ಹಾಸಿದ ಪರಸಿಗಲ್ಲಿನ ಮೇಲೆ ಬಿದ್ದ ಸದ್ದು. ಆಮೇಲೆ ಎರಡೂ ಕಡೆಯ ಹಲ್ಲುಗಳು ಒಂದೊಂದಾಗಿ ಅಲ್ಲ, ಒಮ್ಮೆಗೇ ಹರಕೊಂಡು ಹೋದ ಹಾಗೆ ಬೇರೆಯಾದವು. ಹೊತ್ತವರು ಗಾಬರಿಯಾಗಿ ಒಂದು ಕಡೆ ವಾಲಿಸಿದರು. ಮಹಾಂತಪ್ಪನ ಬಲಗೈ ಹೊರಗೆ ಬಿದ್ದು ಜೋತಾಡಿತು. ಮುಖದ ಮೇಲಿನ ಬಟ್ಟೆ ಸರಿಯಿತು. ಓಣಿಯಲ್ಲಿ ನೆರೆದಿದ್ದವರೆಲ್ಲ, ಮಕ್ಕಳೂ ಸೇರಿ, ನೋಡಬಾರದ್ದನ್ನು ನೋಡಿದರು. ಸೋಮವ್ವ ತನ್ನ ಸೆರಗು ಎಳೆದು ಮಗನ ಮುಖ ಮುಚ್ಚಿದಳು. ತಲೆ ಬರಿದಾಗಿ ಮಳೆಗೆ ಒಡ್ಡಿಕೊಂಡದ್ದರ ಪರಿವೆಯೂ ಇಲ್ಲದೆ, ಆ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡು ಹೊಸ್ತಿಲ ತನಕ ಜೊತೆಗೇ ನಡೆದು ಬಂದಳು.

ಆಮೇಲಿನದೆಲ್ಲ ಆಗುವ ಹಾಗೆ ಆಯಿತು. ಮಹಾಂತಪ್ಪನಿಗೆ ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಗೋಡೆಗೆ ಒರಗಿಸಿ ಕೂರಿಸಿದರು. ಊರಿನ ಜಂಗಮರು ಗಂಗಯ್ಯಸ್ವಾಮಿಗಳು ಬಂದು ವಿಧಿ ನಡೆಸಿಕೊಟ್ಟರು. ಸಂಜೆಯೊಳಗೆ ಹೊಲದಲ್ಲಿ ಮಣ್ಣು ಮಾಡಿ ಬಂದದ್ದಾಯಿತು.

ಮಾತಾಡಿಸಲು ಬಂದವರು ಹೋದ ಮೇಲೆ ಮನೆಯಲ್ಲಿ ಅತ್ತೆ ಸೊಸೆ ಇಬ್ಬರೇ ಉಳಿದರು. ಅನ್ನಪೂರ್ಣಾಳಿಗೆ ಗಂಡನ ನೆನಪು ಬರಬೇಕೆಂದು ಕಣ್ಣು ಮುಚ್ಚಿದರೆ ಬರುತ್ತಿದ್ದದ್ದು ಒಂದೇ ಚಿತ್ರ: ಜೋತಾಡುವ ಕೈ. ಅಷ್ಟು ವರ್ಷ ಒಟ್ಟಿಗೆ ಬಾಳಿದವನ ನಗು, ನಡಿಗೆ, ಊಟಕ್ಕೆ ಕೂತಾಗ ರೊಟ್ಟಿ ಮುರಿಯುವ ರೀತಿ ಎಲ್ಲವನ್ನೂ ಆ ಕೈ ಒರೆಸಿ ಹಾಕಿತ್ತು. ಸೋಮವ್ವನಂತೂ ಅತ್ತಿರಲೇ ಇಲ್ಲ. ಹೊತ್ತಿಗೆ ಸರಿಯಾಗಿ ಎಮ್ಮೆ ಹಿಂಡುತ್ತಿದ್ದಳು, ರೊಟ್ಟಿ ಬಡಿಯುತ್ತಿದ್ದಳು, ಮಾತು ಮಾತ್ರ ಬಿಟ್ಟಿದ್ದಳು.

ಅನ್ನಪೂರ್ಣಾ ಚೀಲ ಹೊಲಿಯುವವಳು. ಮನೆಯ ಮುಂದಿನ ಕೋಣೆಯಲ್ಲೇ ಅವಳ ಮಷೀನು. ಸಾಲಿಯ ಮಕ್ಕಳ ಚೀಲ, ಸಂತೆಯ ಚೀಲ, ಟ್ರ್ಯಾಕ್ಟರಿನ ಸೀಟಿನ ಕವರು, ಮದುವೆಯ ಸೀರೆ ಇಡುವ ಪೆಟ್ಟಿಗೆಚೀಲ ಎಲ್ಲವೂ ಅವಳ ಕೈಯಿಂದ ಹೋಗುತ್ತಿದ್ದವು. ಬಿಟ್ಟ ಚೈನು ರಿಪೇರಿಗೆ ತರುವವರು ವಾರಕ್ಕೆ ಹತ್ತಾರು ಮಂದಿ. ಚೈನಿನ ತುದಿಗೆ ರನ್ನರು ಹೊರಬೀಳದ ಹಾಗೆ ಒಂದು ಪುಟ್ಟ ತಗಡಿನ ತುಣುಕು ಒತ್ತಿರುತ್ತಾರೆ, ಸ್ಟಾಪರು ಅನ್ನುತ್ತಾರೆ. ಹೆಚ್ಚಿನ ಚೈನು ಕೆಡುವುದು ಅದು ಉದುರಿದ್ದರಿಂದಲೇ. ಅನ್ನಪೂರ್ಣಾ ಅದನ್ನು ಎಂದೂ ದೊಡ್ಡ ವಿಷಯ ಎಂದುಕೊಂಡವಳಲ್ಲ. ಹೊಸದೊಂದು ಒತ್ತಿ ಕೊಟ್ಟುಬಿಡುತ್ತಿದ್ದಳು, ಅದೂ ಉದುರಿದರೆ ಮತ್ತೊಂದು. ಈಗ ಯಾವುದೋ ಹುಡುಗಿಯ ಚೀಲಕ್ಕೆ ಆ ತುಣುಕು ಒತ್ತಲು ಇಕ್ಕಳ ಹಿಡಿದವಳು ಅದನ್ನು ಹಾಗೇ ಕೆಳಗಿಟ್ಟುಬಿಡುತ್ತಿದ್ದಳು.

ಒಂದು ಮಧ್ಯಾಹ್ನ ಅವಳು ಆಸ್ಪತ್ರೆಯ ಹತ್ತಿರ ಹೋಗಿ ಶಿವಲಿಂಗನನ್ನು ಹುಡುಕಿದಳು. ಅವನು ದೊಡವಾಡದವನು, ಕುರುಬರ ಪೈಕಿ, ಸ್ವಂತದ ಆಂಬುಲೆನ್ಸು ಇಟ್ಟುಕೊಂಡು ಸುತ್ತಿನ ಊರುಗಳಿಗೆಲ್ಲ ಓಡಿಸುತ್ತಿದ್ದ. ಅವಳನ್ನು ಕಂಡೊಡನೆ ಎದ್ದು ನಿಂತ, ಮುಖ ನೋಡಲಿಲ್ಲ. ಬಯ್ಯಲು ಬಂದಿದ್ದಾಳೆ ಎಂದುಕೊಂಡಿದ್ದ. ಅವಳು ಆ ಚೀಲ ಎಲ್ಲಿದೆ ಎಂದು ಕೇಳಿದಳು.

“ಅದನ್ನ ಸುಟ್ಟ ಬಿಟ್ಟೇನ್ರಿ ಅಕ್ಕಾರ,” ಅಂದ ಶಿವಲಿಂಗ. “ಅವತ್ತಿಂದ ಹೆಣಾ ಹೊರೂಮುಂದ ನನ್ನ ಕಣ್ಣು ಬರೇ ಆ ಚೈನಿನ ಮ್ಯಾಲ ಇರತಾವ.”

ಅದೇ ಜಾತಿಯ ಬೇರೆ ಚೀಲ ಇದ್ದರೆ ಕೊಡಿ, ನೋಡಬೇಕು ಎಂದಳು. ಅವನು ಗಾಡಿಯ ಒಳಗಿಂದ ಇನ್ನೂ ಬಳಸದ ಒಂದು ಚೀಲ ತಂದು, ಹಳೆಯ ಪೇಪರಿನಲ್ಲಿ ಸುತ್ತಿ ಕೊಟ್ಟ.

ಮನೆಗೆ ಬಂದು ಪೇಪರು ಬಿಚ್ಚುವಾಗ ಸೋಮವ್ವ ಬಾಗಿಲಲ್ಲಿ ನಿಂತಿದ್ದಳು. ಎಷ್ಟೋ ದಿನದ ಮೇಲೆ ಅವಳ ಬಾಯಿಂದ ಮಾತು ಬಂತು.

“ಅದನ್ನ ಮನಿಯೊಳಗ ಇಡಬ್ಯಾಡ.”

“ಅವರು ಮನಿಗೆ ಬಂದಿದ್ದ ಇಂಥಾದ್ರಾಗ ಅಲ್ಲೇನ್ರಿ, ಅತ್ತ್ಯಾರ,” ಅಂದಳು ಅನ್ನಪೂರ್ಣಾ.

ಸೋಮವ್ವ ಹಿತ್ತಲಿಗೆ ಹೋದಳು. ಆ ಹೊತ್ತು ಊಟ ಮಾಡಲಿಲ್ಲ. ಆದರೆ ಮತ್ತೆ ಬೇಡ ಅನ್ನಲೂ ಇಲ್ಲ.

ಓಣಿಯವರು ಆಡಿಕೊಂಡರು. ಹೆಣದ ಚೀಲ ಇಟ್ಟುಕೊಂಡ ಮಷೀನಿನಲ್ಲಿ ಮದುವೆಯ ಸೀರೆಯ ಚೀಲ ಹೊಲಿಸುವುದು ಹೇಗೆ ಎಂದು ಎದುರು ಮನೆಯ ಮಾಯವ್ವ ಕೊಟ್ಟಿದ್ದ ಬಟ್ಟೆಯನ್ನು ಮೆಲ್ಲಗೆ ವಾಪಸು ಒಯ್ದಳು. ಇನ್ನೂ ಕೆಲವರು ಒಯ್ದರು. ಅನ್ನಪೂರ್ಣಾ ಯಾರನ್ನೂ ತಡೆಯಲಿಲ್ಲ. ಅವರಿಗೆ ಹಾಗೆ ಅನ್ನಿಸಿದ್ದರಲ್ಲಿ ಅವಳಿಗೆ ತಪ್ಪು ಕಾಣಲಿಲ್ಲ. ಅವಳಿಗೇ ಮೊದಮೊದಲು ಆ ಕರಿಯ ಬಟ್ಟೆ ಮುಟ್ಟಿದರೆ ಬೆರಳು ತಣ್ಣಗಾಗುತ್ತಿತ್ತು.

ಚೀಲದ ಚೈನು ದಪ್ಪ ಪ್ಲಾಸ್ಟಿಕ್ ಹಲ್ಲಿನದು. ಅದರ ತುದಿಯಲ್ಲಿ, ಹಲ್ಲು ಕೂರಿಸಿದ ಎರಡೂ ಬಟ್ಟೆಪಟ್ಟಿಯನ್ನು ಸೇರಿಸಿ ಹಿಡಿದದ್ದು ಒಂದು ತೆಳು ತಗಡು, ಅಷ್ಟೇ. ಬಳಸಿದ ಮೇಲೆ ಚೀಲ ತೊಳೆಯಲು ಬ್ಲೀಚಿಂಗ್ ಪುಡಿ ಹಾಕುತ್ತಾರೆ, ಅದು ತಗಡನ್ನು ತಿಂದುಹಾಕುತ್ತದೆ ಎಂದು ಶಿವಲಿಂಗ ಹೇಳಿದ್ದ. ಅವಳು ಮೊದಲು ತಗಡು ಕಿತ್ತು, ದಪ್ಪ ದಾರದಲ್ಲಿ ತುದಿಯನ್ನು ಮತ್ತೆ ಮತ್ತೆ ಹೊಲಿದು ಗಂಟಾಗಿಸಿದಳು. ಎರಡು ದಿನ ರನ್ನರನ್ನು ಎಳೆದೆಳೆದು ಬಡಿದ ಮೇಲೆ ದಾರ ನವೆದು ಎಳೆ ಎದ್ದಿತು. ಆಮೇಲೆ ಹಿತ್ತಾಳೆಯ ಪಟ್ಟಿ ಕತ್ತರಿಸಿ, ಮಡಚಿ, ಇಕ್ಕಳದಲ್ಲಿ ಬಲವಾಗಿ ಒತ್ತಿದಳು. ಹಿತ್ತಾಳೆ ಗಟ್ಟಿಯಾಗಿಯೇ ಇತ್ತು. ಆದರೆ ಒದ್ದೆ ಮಾಡಿ ಜಗ್ಗಿದರೆ ಹಲ್ಲಿನ ನುಣುಪಿನ ಮೇಲೆ ತುಸುತುಸುವೇ ಜಾರುತ್ತ ತುದಿ ದಾಟಿ ಹೋಗುತ್ತಿತ್ತು. ಇನ್ನೂ ಬಿಗಿಯಾಗಿ ಒತ್ತಿದರೆ ಅಂಚು ತಾಗಿ ಚೈನಿನ ಬಟ್ಟೆಪಟ್ಟಿಯೇ ಹರಿಯಿತು.

ಹಾಗೆ ಹರಿದ ಒಂದು ತುಂಡನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದಾಗ ಅವಳಿಗೆ ಹೊಳೆಯಿತು. ಹಿತ್ತಾಳೆಯ ತುಣುಕು ಹಲ್ಲಿನ ಮೇಲೆ ಕೂತಿತ್ತು. ಅದಕ್ಕೆ ನೆಲೆ ಇರಲಿಲ್ಲ. ಹಲ್ಲು ಇಲ್ಲದ ಕಡೆ, ಬಟ್ಟೆಯನ್ನೇ ಕಚ್ಚಿ ಕೂರಬೇಕು. ಹಾಗೆಂದು ತುದಿಯ ಹಲ್ಲನ್ನೆಲ್ಲ ಕಿತ್ತರೆ ತಡೆಯುವುದಕ್ಕೆ ಆಚೆ ಏನೂ ಉಳಿಯುವುದಿಲ್ಲ. ತುಣುಕು ಹಿಡಿಸುವಷ್ಟೇ ಜಾಗದ ಹಲ್ಲು ತೆಗೆದು, ಅದರಾಚೆ ಕೆಲವು ಹಲ್ಲು ಬಿಡಬೇಕು. ಆಗ ಅದು ಆ ಸಂದಿಯಲ್ಲಿ ಕೂತು, ಈ ಕಡೆಯೂ ಬರಲಾರದು, ಆ ಕಡೆಯೂ ಹೋಗಲಾರದು. ಹಾಗೇ ಮಾಡಿದಳು. ಹಿತ್ತಾಳೆಯ ಅಂಚನ್ನು ಅರದಲ್ಲಿ ಉಜ್ಜಿ ಮೊಂಡು ಮಾಡಿದಳು. ಉಳಿದ ಬಟ್ಟೆಪಟ್ಟಿಯನ್ನು ಹಿಂದಕ್ಕೆ ಮಡಚಿ, ಮೇಲೊಂದು ರೆಕ್ಸಿನ್ ತುಂಡು ಇಟ್ಟು ಅಡ್ಡಡ್ಡ ಹೊಲಿದಳು, ಭಾರವೆಲ್ಲ ಒಂದೇ ತುಣುಕಿನ ಮೇಲೆ ಬೀಳದ ಹಾಗೆ. ನೀರಲ್ಲಿ ನೆನೆಹಾಕಿ ಜಗ್ಗಿದಳು. ಕಿಟಕಿಯ ಸರಳಿಗೆ ಸಿಕ್ಕಿಸಿ ಜೋತುಬಿದ್ದಳು. ಅಲುಗಲಿಲ್ಲ.

ಶಿವಲಿಂಗನನ್ನು ಕರೆಸಿದಳು. ಅವನು ಹೆಣ ಹೊರಲು ಜೊತೆಗೆ ಬರುವ ಬೀರಪ್ಪನನ್ನೂ ಕರೆತಂದ. ಅಂಗಳದಲ್ಲಿ ಚೀಲ ಹಾಸಿ, ಒಳಗೆ ಜೋಳದ ಮೂಟೆ ಇಟ್ಟು, ಚೈನು ಹಾಕಿ, ಇಬ್ಬರೂ ಎತ್ತಿ ಅಲುಗಾಡಿಸಿದರು. ತುದಿ ಹಾಗೇ ನಿಂತಿತು. ಶಿವಲಿಂಗನ ಮುಖದಲ್ಲಿ ಸಮಾಧಾನ ಕಂಡಿತು. ಕಟ್ಟೆಯ ಮೇಲೆ ಕೂತು ಇದನ್ನೆಲ್ಲ ನೋಡುತ್ತಿದ್ದ ಸೋಮವ್ವ ಆಗ ಎದ್ದು ಬಂದಳು.

“ಜ್ವಾಳ ಸುಮ್ಮನ ಬಿದ್ದಿರತೈತಿ,” ಅಂದಳು. “ಮನಷ್ಯಾನ ಮೈ ಹಂಗಲ್ಲ. ನಡು ಬಾಗತೈತಿ, ಕೈ ಹೊರಳತಾವ. ಆ ಮೂಟಿ ತಗೀರಿ. ನಾ ಮಲಗತೇನಿ.”

ಅನ್ನಪೂರ್ಣಾ ಅತ್ತೆಯ ರಟ್ಟೆ ಹಿಡಿದು ಬೇಡ ಎಂದಳು, ತಾನೇ ಮಲಗುತ್ತೇನೆ ಎಂದಳು. ಬದುಕಿರುವವರನ್ನು ಇದರಲ್ಲಿ ಇಟ್ಟು ಎತ್ತುವುದು ತನ್ನಿಂದಾಗದು ಎಂದು ಬೀರಪ್ಪ ಹಿಂದೆ ಸರಿದ. ಸೋಮವ್ವ ಬಗ್ಗಿ ಮೂಟೆಯನ್ನು ತಾನೇ ಎಳೆಯತೊಡಗಿದಳು.

“ನೀ ಮಲಗಿದರ ಚೈನ ನೋಡವರ ಯಾರು?” ಅಂದಳು ಸೊಸೆಗೆ. “ನನ್ನ ಮಗಾ ಮಲಗಿದ್ದ ಜಾಗಾ ಅದು. ನನಗೇನೂ ಆಗೂದಿಲ್ಲ.”

ಮಲಗಿದಳು. ಸೀರೆಯ ನಿರಿಗೆ ಸರಿಮಾಡಿಕೊಂಡು, ಕೈ ಎರಡೂ ಬದಿಗೆ ಇಟ್ಟುಕೊಂಡು, ಕಣ್ಣು ಮುಚ್ಚಿದಳು. ಅನ್ನಪೂರ್ಣಾ ಕಾಲ ಕಡೆಯಿಂದ ರನ್ನರು ಎಳೆಯುತ್ತ ಬಂದಳು. ಎದೆಯ ಹತ್ತಿರ ಬಂದಾಗ ಅವಳ ಕೈ ನಿಂತಿತು. ಸೋಮವ್ವ ಕಣ್ಣು ತೆರೆಯದೆಯೇ ಎಳಿ ಎಂದಳು. ಮುಖದ ಮೇಲೆ ಕಪ್ಪು ಕೂಡಿಕೊಂಡಿತು. ರನ್ನರು ತುದಿಗೆ ಹೋಗಿ ಹಿತ್ತಾಳೆಗೆ ತಾಗಿ ನಿಂತಿತು.

ಶಿವಲಿಂಗ, ಬೀರಪ್ಪ ಕೆಳಗೆ ಕೈ ಕೊಟ್ಟು ಎತ್ತಿದರು. ಓಣಿಯಲ್ಲಿ ನಡೆದ ಹಾಗೆಯೇ ಅಂಗಳದ ಉದ್ದಕ್ಕೂ ನಡೆದರು, ಒಂದು ಕಡೆ ವಾಲಿಸಿದರು, ಇನ್ನೊಂದು ಕಡೆ ವಾಲಿಸಿದರು. ಒಳಗೆ ಮುದುಕಿಯ ಮೈ ಹೊರಳಿ ಚೀಲ ಉಬ್ಬಿತು. ಅನ್ನಪೂರ್ಣಾ ಚೀಲದ ಪಕ್ಕದಲ್ಲೇ ಬಗ್ಗಿಕೊಂಡು ನಡೆಯುತ್ತಿದ್ದಳು. ಅವಳ ಕಣ್ಣು ಆ ತುದಿಯನ್ನು ಬಿಟ್ಟು ಅತ್ತಿತ್ತ ಹೋಗಲಿಲ್ಲ. ಪಟ್ಟಿ ಬಿಗಿಯಾಯಿತು. ತುಣುಕು ತನ್ನ ಸಂದಿಯಲ್ಲಿ ಗಟ್ಟಿಯಾಗಿ ಕೂತಿತ್ತು. ಸಾಕು, ಇಳಿಸಿರಿ ಎಂದು ಅವಳು ಅವಸರ ಮಾಡಿದಳು. ಇಳಿಸಿದೊಡನೆ ಸರ್ರನೆ ಚೈನು ತೆರೆದಳು.

ಸೋಮವ್ವನ ಹಣೆಯಲ್ಲಿ ಬೆವರು ಇಳಿದು ವಿಭೂತಿ ಕರಗಿತ್ತು. ಎದ್ದು ಕೂತಳು, ಆದರೆ ಹೊರಗೆ ಬರಲಿಲ್ಲ. ಕಾಲು ಇನ್ನೂ ಚೀಲದೊಳಗೇ ಇದ್ದವು. ಹಾಗೇ ಕೂತು ಶಿವಲಿಂಗನ ಕಡೆ ತಿರುಗಿದಳು.

“ಬೆನ್ನ ಕೆಳಗ ನಿಮ್ಮ ಕೈ ಗೊತ್ತಾಗತೈತೆಪಾ. ಮಾತೂ ಎಲ್ಲಾ ಕೇಳತಾವು. ಒಯ್ಯೂಮುಂದ ಸಾವಕಾಶ ಒಯ್ರಿ. ಮ್ಯಾಲ ನಿಂತು ಏನೇನರ ಮಾತಾಡಬ್ಯಾಡ್ರಿ.”

ಶಿವಲಿಂಗ ಹೂಂ ಎಂದ. ಸೋಮವ್ವ ಅಳತೊಡಗಿದಳು. ಮಗ ತೀರಿಕೊಂಡ ಮೇಲೆ ಅವಳು ಅತ್ತದ್ದು ಆಗಲೇ, ಆ ಅಂಗಳದಲ್ಲಿ, ಹಾಡಹಗಲು. ಅನ್ನಪೂರ್ಣಾ ಪಕ್ಕದಲ್ಲಿ ಕೂತು ಅವಳ ತಲೆಯನ್ನು ತನ್ನ ಹೆಗಲಿಗೆ ಆನಿಸಿಕೊಂಡಳು. ಗಂಡಸರಿಬ್ಬರೂ ಹೊರಗೆ ಹೋಗಿ ಗಾಡಿಯ ಹತ್ತಿರ ನಿಂತರು.

ಮರುದಿನ ಶಿವಲಿಂಗ ತನ್ನ ಹತ್ತಿರವಿದ್ದ ಚೀಲಗಳನ್ನೆಲ್ಲ ತಂದು ಹಾಕಿದ. ಅನ್ನಪೂರ್ಣಾ ಒಂದೊಂದರ ತುದಿ ಬಿಚ್ಚಿ ಹೊಸದಾಗಿ ಮಾಡಿದಳು. ಹಿತ್ತಾಳೆ ಪಟ್ಟಿ ಅಳತೆ ಮಾಡಿ ಕತ್ತರಿಸುವುದನ್ನು ಸೋಮವ್ವ ಕಲಿತಳು. ಅಂಚು ಉಜ್ಜುವುದಂತೂ ಸೊಸೆಗಿಂತ ಚೆನ್ನಾಗಿ ಉಜ್ಜುತ್ತಿದ್ದಳು. ಎಲ್ಲವೂ ಸರಿಯಾಯಿತು ಎಂದೇನಲ್ಲ. ತಲೆಯ ಕಡೆಯ ತುದಿಗೇ ಗಮನ ಕೊಟ್ಟಿದ್ದ ಅನ್ನಪೂರ್ಣಾ ಕಾಲ ಕಡೆಯದನ್ನು ಮರೆತಿದ್ದಳು. ರಾಮದುರ್ಗಕ್ಕೆ ಹೋದ ಒಂದು ಚೀಲ ಆ ಕಡೆ ಸಡಿಲಾಗಿ ವಾಪಸು ಬಂತು. ಅದೃಷ್ಟಕ್ಕೆ ಯಾರ ಕಣ್ಣಿಗೂ ಬೀಳುವ ಮೊದಲೇ ಬೀರಪ್ಪ ಗಮನಿಸಿ ದಾರದಲ್ಲಿ ಕಟ್ಟಿದ್ದ. ಅವಳು ಕೊಟ್ಟಿದ್ದ ಚೀಲಗಳನ್ನೆಲ್ಲ ಮತ್ತೆ ತರಿಸಿಕೊಂಡು ಎರಡೂ ತುದಿ ಮಾಡಿದಳು. ಸವದತ್ತಿ, ಕಿತ್ತೂರಿನ ಆಂಬುಲೆನ್ಸಿನವರೂ ವಿಷಯ ಕೇಳಿ ತಮ್ಮ ಚೀಲ ಕಳಿಸಿದರು. ಮದುವೆಯ ಚೀಲ ಹೊಲಿಸುವವರಲ್ಲಿ ಕೆಲವರು ಮರಳಿ ಬಂದರು. ಕೆಲವರು ಬರಲೇ ಇಲ್ಲ.

ಮುಂದಿನ ಮಳೆಗಾಲದಲ್ಲಿ ಒಂದು ದಿನ ಶಿವಲಿಂಗ ಬಂದು ಕಟ್ಟೆಯ ಮೇಲೆ ಕೂತ. ಬಟ್ಟೆಯೆಲ್ಲ ತೋಯ್ದಿತ್ತು. ನೇಸರಗಿಯ ಕಡೆಯ ಒಂದು ಹಳ್ಳಿಗೆ ಹೆಣ ಮುಟ್ಟಿಸಿ ಬಂದಿದ್ದ. ಗಾಡಿ ಹೂತು, ಮೊಳಕಾಲುದ್ದ ಕೆಸರಿನಲ್ಲಿ ಊರ ತನಕ ಹೊತ್ತೇ ಒಯ್ಯಬೇಕಾಗಿ ಬಂದಿತ್ತು. ಹೊತ್ತವರಲ್ಲಿ ಒಬ್ಬ ದಾರಿಯಲ್ಲಿ ಜಾರಿ ಬಿದ್ದನಂತೆ. ಹೆಣ ಆ ಹಳ್ಳಿಯ ಒಂದು ಮನೆಯ ದೊಡ್ಡಮಗಳದ್ದು, ತಾಯಿ ಬಾಗಿಲಲ್ಲೇ ನಿಂತಿದ್ದಳಂತೆ.

ಅನ್ನಪೂರ್ಣಾ ಮಷೀನು ನಿಲ್ಲಿಸಿದಳು. ಆಮೇಲೇನಾಯಿತು ಎಂದು ಕೇಳಿದಳು.

“ಏನೂ ಆಗಲಿಲ್ಲರಿ ಅಕ್ಕಾರ,” ಅಂದ ಶಿವಲಿಂಗ. “ಒಳಗ ಒಯ್ದು ಇಳಿಸಿದಿವಿ. ಅವರವ್ವ ತಾನ ಚೈನ ತಗದು ಮುಖಾ ನೋಡಿದಳು.”

ಒಳಗಿನಿಂದ ಸೋಮವ್ವ ಚಹಾ ತಂದು ಅವನ ಮುಂದಿಟ್ಟಳು. ಅವನು ಹೋದ ಮೇಲೆ ಅನ್ನಪೂರ್ಣಾ ಮಷೀನಿನ ಮೇಲೆ ಕೈಯಿಟ್ಟುಕೊಂಡು ಕೂತಳು. ಆಗ, ತಾನು ಕರೆಯದೆಯೇ, ಗಂಡ ನೆನಪಿಗೆ ಬಂದ. ಈ ಮಷೀನು ಕೊಂಡ ದಿನ ಬಸ್ಸಿನವನು ಸೀಟಿನ ನಡುವೆ ಇಡಲು ಬಿಡದೆ ಇದ್ದುದಕ್ಕೆ, ಅದರ ತಲೆಯನ್ನು ಮಗುವಿನ ಹಾಗೆ ತೊಡೆಯ ಮೇಲೆ ಕೂರಿಸಿಕೊಂಡು ಧಾರವಾಡದಿಂದ ಬೈಲಹೊಂಗಲದ ತನಕ ಬಂದಿದ್ದ ಮಹಾಂತಪ್ಪ. ಇಳಿಯುವಾಗ ಕಾಲು ಜೋಮು ಹಿಡಿದು, ನಿಲ್ಲಲಾಗದೆ, ಅವಳ ಹೆಗಲು ಹಿಡಿದು ನಕ್ಕಿದ್ದ. ಅಂಗಿಯ ತುಂಬ ಮಷೀನಿನ ಎಣ್ಣೆಯಾಗಿತ್ತು.

ಅವಳು ಒಳಗೆ ಹೋಗಿ ಅದನ್ನು ಅತ್ತೆಗೆ ಹೇಳಿದಳು. ಆ ಅಂಗಿಯ ಎಣ್ಣೆ ಎಷ್ಟು ಒಗೆದರೂ ಹೋಗಲಿಲ್ಲ ಎಂದು ಸೋಮವ್ವ ಅಂದಳು.