ಹಳದಿ ಗೆರೆ

"ಕೈ ಅಂದ್ರೆ ಇದು ನೋಡ್ರಯ್ಯ," ಎನ್ನುತ್ತ ಟೈರ್ ರಾಯ ಮೋಟಾರ್ ಸೈಕಲ್ಲಿನ ಹಿಂದಿನ ಚಕ್ರದ ಪಕ್ಕ ಕುಕ್ಕರುಗಾಲಲ್ಲಿ ಕೂತ. "ಎಪ್ಪತ್ತೊಂದು ವರ್ಷ ವಯಸ್ಸು. ಈ ನಟ್ಟಿನ ಮೇಲಿನ ಗೆರೆ ನೋಡಿ, ಸ್ಕೇಲ್ ಇಟ್ಟು ಎಳೆದ ಹಾಗಿದೆ. ನಮ್ಮ ಮೇಸ್ತ್ರಿ ಕೈ ಇನ್ನೂ ಅಲುಗಿಲ್ಲ."

ಮೇಸ್ತ್ರಿ ಕುರ್ಚಿಯಲ್ಲಿ ಕೂತಿದ್ದ. ಎರಡು ಕೈಗಳೂ ತೊಡೆಯ ಮೇಲಿನ ಎಣ್ಣೆಬಟ್ಟೆಯ ಕೆಳಗಿದ್ದವು. ಡಿಪೋದ ಹಳೆಯ ಗೆಳೆಯರು ಯಾರು ಬಂದರೂ ಮೊದಲು ಆ ಬಟ್ಟೆ ತೊಡೆಗೆ ಬರುತ್ತಿತ್ತು. ಕೊಟ್ಟ ಟೀ "ಆರಲಿ" ಎಂದು ಪಕ್ಕದಲ್ಲೇ ಉಳಿದು, ಅವರು ಹೋದ ಮೇಲೆ ಬಚ್ಚಲಿಗೆ ಹೋಗುತ್ತಿತ್ತು. ಹೊಗಳಿಕೆ ಕೇಳಿ ಅವನ ಮುಖ ಅರಳಿತು. ಆಮೇಲೆ ಅವನೂ ಬಗ್ಗಿ ಆ ಗೆರೆಯನ್ನು ನೋಡಿದ. ನೋಡುತ್ತಲೇ ಇದ್ದ.

ಟೀ ತಟ್ಟೆ ಹಿಡಿದು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಮಗಳಿಗೆ ಅಷ್ಟು ಸಾಕಾಯಿತು. ಅಪ್ಪನಿಗೆ ಗೊತ್ತಾಯಿತು ಎಂದು ಅವಳಿಗೆ ಗೊತ್ತಾಯಿತು.

ಮೇಸ್ತ್ರಿ ಬಸ್ ಡಿಪೋದಲ್ಲಿ ಮೂವತ್ತಾರು ವರ್ಷ ದುಡಿದು ಹೆಡ್ ಫಿಟ್ಟರ್ ಆಗಿ ನಿವೃತ್ತನಾದವನು. ಆ ಡಿಪೋದ್ದೊಂದು ಪದ್ಧತಿ ಇತ್ತು. ನಟ್ಟು ಬಿಗಿ ಮಾಡಿದವನು ಅದರ ಮೇಲಿಂದ ಪಕ್ಕದ ಕಬ್ಬಿಣದವರೆಗೆ ಹಳದಿ ಪೇಂಟಿನಲ್ಲಿ ಒಂದು ಗೆರೆ ಎಳೆಯಬೇಕು. ನಟ್ಟು ಕೂದಲೆಳೆಯಷ್ಟು ತಿರುಗಿದರೂ ಗೆರೆ ಮುರಿದು ಕಾಣುತ್ತದೆ. ಗೆರೆ ಎಳೆದವನೇ ಅದಕ್ಕೆ ಹೊಣೆ. ಇನ್ನೊಬ್ಬ ಅದನ್ನು ಮುಟ್ಟುವಂತಿಲ್ಲ. ಮುಟ್ಟಿದರೆ ಹೆತ್ತವರನ್ನು ಎತ್ತಿ ಬೈದಷ್ಟು ಅವಮಾನ. ಒಮ್ಮೆ ಒಬ್ಬ ಹೊಸ ಫಿಟ್ಟರ್ ಮೇಸ್ತ್ರಿಯ ಗೆರೆಯ ಮೇಲೆ ಸ್ಪ್ಯಾನರ್ ಇಟ್ಟನೆಂದು ಮೇಸ್ತ್ರಿ ಅವನ ಜೊತೆ ಹನ್ನೊಂದು ವರ್ಷ ಮಾತು ಬಿಟ್ಟಿದ್ದ.

ಮೋಟಾರ್ ಸೈಕಲ್ ಅವನ ಮದುವೆಗಿಂತ ಹಳೆಯದು. ಮಗಳು ಹುಟ್ಟಿದ ವರ್ಷ ಆಸ್ಪತ್ರೆ ಖರ್ಚಿಗೆಂದು ಮಾರಿದ್ದ. "ಅದನ್ನ ಕೊಟ್ಟು ಇವಳನ್ನ ತಗೊಂಡೆ. ವ್ಯಾಪಾರ ಗಿಟ್ಟಲಿಲ್ಲ," ಎಂದು ಅವಳ ಎದುರೇ ಹೇಳುತ್ತಿದ್ದ, ಕೇಳಿದವರು ನಗುತ್ತಿದ್ದರು, ಅವಳೂ ಚಿಕ್ಕವಳಿದ್ದಾಗ ನಗುತ್ತಿದ್ದಳು. ಎರಡು ವರ್ಷದ ಹಿಂದೆ ಗುಜರಿ ಅಂಗಡಿಯೊಂದರಲ್ಲಿ ಅದೇ ಗಾಡಿಯ ಇಂಜಿನ್ ನಂಬರ್ ನೋಡಿ, ಮುರುಕಲನ್ನು ಕೈಗಾಡಿಯಲ್ಲಿ ಹೇರಿಕೊಂಡು ಬಂದ. ಮುಂದಿನ ಕೋಣೆಯ ಸೋಫಾ ಹಿತ್ತಿಲಿಗೆ ಹೋಯಿತು. ಹೆಂಡತಿಯ ದೊಡ್ಡ ಪಾತ್ರೆಯಲ್ಲಿ ಕಾರ್ಬುರೇಟರ್ ಕುದಿಯಿತು. ಮತ್ತೆಂದೂ ಆ ಪಾತ್ರೆಯಲ್ಲಿ ಅನ್ನ ಬೇಯಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಮಾಡಿದ್ದಷ್ಟೇ ಅಲ್ಲ, ಹಿಂದಿನ ಸೀಟನ್ನು ಬೇರೆಯೇ ಕಟ್ಟಿದ. ಬೆನ್ನುನೋವಿನ ಹೆಂಡತಿಗೆ ಒಂದು ಬೆನ್ನೊರಗು, ಪಕ್ಕಕ್ಕೆ ತಿರುಗಿ ಕೂತಾಗ ಎರಡೂ ಪಾದ ಇಡಲು ಒಂದು ಅಗಲ ಹಲಗೆ. ಆ ಹೆಂಗಸಿಗೆ ಇಷ್ಟು ವರ್ಷದಲ್ಲಿ ಸಿಕ್ಕ ಮರ್ಯಾದೆ ಅದೊಂದೇ. ಅವಳು ದಿನಾ ಅದರ ಧೂಳು ಒರೆಸುತ್ತಿದ್ದಳು.

ಕೈ ನಡುಗಲು ಶುರುವಾದದ್ದು ಇಂಜಿನ್ ಜೋಡಿಸುವ ಹೊತ್ತಿಗೆ. ಮೊದಲು ಚಳಿ ಎಂದ, ಆಮೇಲೆ ನಿದ್ದೆ ಸಾಲದು ಎಂದ. ಬಿದ್ದರೂ ಮೀಸೆ ಮಣ್ಣಾಗಬಾರದು ಅನ್ನುವ ಜಾತಿ. ನಟ್ಟುಗಳು ಓರೆಯಾಗಿ ಕೂರುತ್ತಿದ್ದವು, ಅರ್ಧಕ್ಕೇ ನಿಲ್ಲುತ್ತಿದ್ದವು. ಅವುಗಳ ಮೇಲೆ ಅವನು ಹಳದಿ ಗೆರೆ ಎಳೆಯುತ್ತಿದ್ದ. ಗೆರೆ ಎಲ್ಲಿ ಬಂತು, ಮುದ್ದೆ ಮುದ್ದೆ ಬಳಿಯುತ್ತಿದ್ದ.

ಮಗಳು ಮದುವೆಯಾಗಿ ಹತ್ತು ತಿಂಗಳಿಗೆ ತವರಿಗೆ ವಾಪಸಾದವಳು. ಕನ್ನಡಕದಂಗಡಿಯಲ್ಲಿ ಗಾಜು ಕೊರೆದು ಫ್ರೇಮಿಗೆ ಕೂರಿಸುವ ಕೆಲಸ. ಸಾಸಿವೆ ಕಾಳಿನಷ್ಟಿರುವ ತಿರುಪುಗಳನ್ನು ಇಡೀ ದಿನ ಹಾಕುವ ಕೈ. ಮಧ್ಯಾಹ್ನ ಒಂದಕ್ಕೆ ಊಟಕ್ಕೆ ಬಂದು ನಾಲ್ಕಕ್ಕೆ ಹೋಗುತ್ತಿದ್ದಳು. ಎರಡರಿಂದ ಮೂರೂವರೆ ಮೇಸ್ತ್ರಿಯ ನಿದ್ದೆ. ಆ ಹೊತ್ತಿನಲ್ಲಿ ಅವಳು ಅವನು ಕೂರಿಸಿದ್ದನ್ನೆಲ್ಲ ಬಿಚ್ಚಿ, ನೆಟ್ಟಗೆ ಕೂರಿಸಿ, ಬಿಗಿ ಮಾಡಿ, ಮುದ್ದೆಯನ್ನು ಪೆಟ್ರೋಲಿನಲ್ಲಿ ಒರೆಸಿ, ಅದೇ ಹಳದಿಯಲ್ಲಿ ಮತ್ತೆ ಗೆರೆ ಎಳೆದಿಡುತ್ತಿದ್ದಳು. ಅವನು ಮಲಗಿದ ಕೋಣೆಯ ಬಾಗಿಲಲ್ಲಿ ಅಮ್ಮ ಕೂತು ಕಾವಲು ಕಾಯುತ್ತಿದ್ದಳು.

ತಪ್ಪು ಮಗಳದೇ. ಗೆರೆಯನ್ನು ಒಂದಿಷ್ಟು ಸೊಟ್ಟಗೆ ಎಳೆಯಬೇಕಿತ್ತು. ಅವಳ ಕೈಗೆ ಅದು ಬರುತ್ತಿರಲಿಲ್ಲ.

"ನೀನೂ ಸ್ವಲ್ಪ ಅಪ್ಪನ ಹತ್ರ ಕಲಿಯಮ್ಮ," ಎಂದ ಟೈರ್ ರಾಯ, ಟೀ ಲೋಟ ತೆಗೆದುಕೊಳ್ಳುತ್ತ. ಜೊತೆಗೆ ಬಂದಿದ್ದ ಟೈಮ್ ಕೀಪರ್ ತಲೆಯಾಡಿಸಿದ.

"ಅವಳಾ?" ಮೇಸ್ತ್ರಿ ಇನ್ನೂ ಚಕ್ರವನ್ನೇ ನೋಡುತ್ತಿದ್ದ. "ಅವಳು ಬಿಗಿ ಮಾಡಿದ್ದು ಯಾವುದು ನಿಂತಿದೆ ಹೇಳು. ಗಂಡನೇ ಹತ್ತು ತಿಂಗಳಿಗೆ ಕಳಚ್ಕೊಂಡ."

ಇಬ್ಬರೂ ನಕ್ಕರು. ಟೈರ್ ರಾಯನ ನಗು ಅವಳಿಗೆ ಹಳೆಯ ಪರಿಚಯ. ಅವಳು ಹತ್ತು ವರ್ಷದವಳಿದ್ದಾಗ ಅಪ್ಪನ ಊಟದ ಡಬ್ಬಿ ಕೊಡಲು ಡಿಪೋಗೆ ಹೋಗಿ, ಆಸೆಗೆ ಒಂದು ಸ್ಪ್ಯಾನರ್ ಎತ್ತಿಕೊಂಡಿದ್ದಳು. "ಫಿಟ್ಟರ್ ಆಗ್ತೀಯಾ? ತಗೋ, ಹಾಕಿ ತೋರಿಸು," ಎಂದು ಅಪ್ಪ ಎಲ್ಲರ ನಡುವೆ ಅವಳ ಕೈಗೊಂದು ನಟ್ಟು ಕೊಟ್ಟಿದ್ದ. ಅದು ಕೂರಲಿಲ್ಲ. ಅವಳು ಅಳುವವರೆಗೂ ಹಾಕಿಸಿದ್ದ. ಆ ದಿನ ಎಲ್ಲರಿಗಿಂತ ಜೋರಾಗಿ ನಕ್ಕವನು ಈ ರಾಯನೇ.

"ಭಾನುವಾರ ಬೆಳಿಗ್ಗೆ ಬನ್ನಿ ಇಬ್ರೂ," ಎಂದ ಮೇಸ್ತ್ರಿ. "ಸ್ಟಾರ್ಟ್ ಮಾಡ್ತೀನಿ. ಇವಳಮ್ಮನ್ನ ಹಿಂದೆ ಕೂರಿಸ್ಕೊಂಡು ಒಂದು ಸುತ್ತು ಹೊಡ್ಕೊಂಡು ಬರ್ತೀನಿ."

ಗೆಳೆಯರು ಹೋದ ಮೇಲೆ ಅವನು ಮಗಳನ್ನು ಕರೆದ. "ಬಾಟಲಿ ತಗೊಂಡು ಬಾ."

"ಯಾವ ಬಾಟಲಿ ಅಪ್ಪಾ?"

"ಹಳದೀದು. ನಂಗೆ ನಡುಗ್ತಿರೋದು ಕೈ, ಕಣ್ಣಲ್ಲ."

ಕೈ ನಡುಗುತ್ತದೆ ಎಂದು ಅವನ ಬಾಯಿಂದ ಬಂದದ್ದು ಅದೇ ಮೊದಲು. ಅವಳು ಬೀರುವಿನ ಹಿಂದಿದ್ದ ಪುಟ್ಟ ಬಾಟಲಿ ತಂದು ಮುಂದಿಟ್ಟಳು.

"ಎಷ್ಟು ಮುಟ್ಟಿದೀಯ?"

"ನಲವತ್ಮೂರು."

"ಬಿಚ್ಚು. ಎಲ್ಲಾನೂ."

"ಅಪ್ಪಾ, ಇದು ರೋಡಿಗೆ ಹೋಗೋ ಗಾಡಿ. ಬೇಕಾದ್ರೆ ನೀವೇ ಮಾಡಿದ್ದು ಅಂತ..."

"ಬಿಚ್ಚು ಅಂದೆ."

ಅವನು ಕುರ್ಚಿಯಲ್ಲಿ ಕೂತು ಎಣಿಸಿದ. ಅವಳು ಒಂದೊಂದನ್ನೇ ಸಡಿಲಿಸಿ, ಗೆರೆ ಒರೆಸಿ, ಮುಂದಕ್ಕೆ ಸರಿದಳು. ಎಂಟು ತಿಂಗಳ ಕೆಲಸ ಎರಡು ಗಂಟೆಯಲ್ಲಿ ಹೋಯಿತು. ಮಧ್ಯೆ ಅಮ್ಮ ಒಮ್ಮೆ ಬಂದು ನೋಡಿ ಒಳಗೆ ಹೋದಳು. ಕೊನೆಯದನ್ನು ಬಿಚ್ಚಿದ ಮೇಲೆ ಮೇಸ್ತ್ರಿ ಸ್ಪ್ಯಾನರಿಗೆ ಕೈ ಚಾಚಿದ. ಅದು ಅವನ ಬೆರಳುಗಳಲ್ಲಿ ಕಟಕಟ ಎಂದಿತು. "ಕಳ್ಳಿ," ಎಂದ. "ಹಾದರ ಬೇಕಾದ್ರೂ ಕ್ಷಮಿಸಬಹುದು."

ಆ ವಾರ ಅವನು ಮಧ್ಯಾಹ್ನ ಮಲಗಲಿಲ್ಲ. ಮುಂದಿನ ಕೋಣೆಯ ಬಾಗಿಲು ಒಳಗಿನಿಂದ ಚಿಲಕ ಹಾಕಿರುತ್ತಿತ್ತು. ನಟ್ಟು ನೆಲಕ್ಕೆ ಬೀಳುವ ಸದ್ದು, ಅದು ಉರುಳಿಹೋಗುವ ಸದ್ದು, ಅವನು ಅದರ ಹಿಂದೆ ಮೊಣಕಾಲಲ್ಲಿ ಹೋಗುವ ಸದ್ದು ಊಟಕ್ಕೆ ಕೂತವರಿಗೆ ಕೇಳುತ್ತಿತ್ತು.

ಶನಿವಾರ ಅವಳು ಕೆಲಸಕ್ಕೆ ಹೊರಟವಳು ಬೀದಿಯ ಕಡೆಯ ಕಿಟಕಿಯಲ್ಲಿ ಇಣುಕಿದಳು. ಅಪ್ಪ ಹಿಂದಿನ ಚಕ್ರದ ದೊಡ್ಡ ನಟ್ಟಿನ ಮುಂದೆ ಕೂತಿದ್ದ. ಇಡೀ ಚಕ್ರ ನಿಂತಿರುವುದು ಅದರ ಮೇಲೆ. ಬೆರಳಲ್ಲಿ ಅದನ್ನು ಎರಡು ಸುತ್ತು ತಿರುಗಿಸಿದ. ಸ್ಪ್ಯಾನರ್ ಇಟ್ಟ, ಜಾರಿತು. ಮತ್ತೆ ಇಟ್ಟ, ಮತ್ತೆ ಜಾರಿತು. ಕೈಯನ್ನು ಕಂಕುಳಲ್ಲಿ ಅದುಮಿಕೊಂಡ. ನಟ್ಟು ಬಿಗಿಯಾಗಿಲ್ಲ ಎಂದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆಮೇಲೆ ಬಾಟಲಿ ತೆರೆದು ಅದರ ಮೇಲೆ ಹಳದಿ ಬಳಿದ.

ಅವಳು ಅಂಗಡಿಗೆ ಹೋಗದೆ ಹಿತ್ತಿಲ ಬಾಗಿಲಿಂದ ಅಡುಗೆಮನೆಗೆ ಬಂದಳು. "ಅಮ್ಮಾ, ನಾಳೆ ನೀನು ಕೂರಬೇಡ."

"ಕೂರದಿದ್ರೆ ಏನಂತಾರೆ ಗೊತ್ತಲ್ಲ."

"ಚಕ್ರ ಕಳಚುತ್ತೆ. ನಮ್ಮ ಬೀದಿ ಇಳಿಜಾರು. ಕೆಳಗೆ ಲಾರಿ ಓಡೋ ರಸ್ತೆ."

ಅಮ್ಮ ತರಕಾರಿ ಹೆಚ್ಚುವುದನ್ನು ನಿಲ್ಲಿಸಲಿಲ್ಲ. "ಬಿದ್ರೆ ಏಳೋದು. ನಲವತ್ತೆರಡು ವರ್ಷ ಅದನ್ನೇ ಮಾಡಿದ್ದು. ನಾಲ್ಕು ಜನರ ಮುಂದೆ ಅವರ ಮಾನ ಹೋದ್ರೆ ಆಮೇಲೆ ಈ ಮನೇಲಿ ದಿನವಿಡೀ ಇರೋಳು ನಾನು. ನೀನು ನಾಲ್ಕು ಗಂಟೆಗೆ ಚಪ್ಪಲಿ ಮೆಟ್ಕೊಂಡು ಹೋಗ್ತೀಯ."

ಮಗಳು ಮತ್ತೆ ಚಪ್ಪಲಿ ಮೆಟ್ಟಿ ಅಂಗಡಿಗೆ ಹೊರಟಳು. ಹೆದರಿಕೆ ಇತ್ತು, ಅದರ ಪಕ್ಕದಲ್ಲಿ ಅಮ್ಮನ ಮೇಲೂ ಸಿಟ್ಟು ಇತ್ತು.

ಭಾನುವಾರ ಗಾಡಿಯನ್ನು ಅಂಗಳಕ್ಕೆ ಇಳಿಸಿ ಸ್ಟ್ಯಾಂಡ್ ಹಾಕಿದರು. ಟೈರ್ ರಾಯ, ಟೈಮ್ ಕೀಪರ್, ಎದುರು ಮನೆಯ ಗಂಡ ಹೆಂಡತಿ, ಇಷ್ಟೇ ಜನ. ಬಿಸಿಲಿಗೆ ಕಪ್ಪು ಟ್ಯಾಂಕು ಹೊಳೆಯುತ್ತಿತ್ತು. ಎಣ್ಣೆಬಟ್ಟೆ ಒಳಗೆ ಕುರ್ಚಿಯ ಮೇಲೆ ಉಳಿದಿತ್ತು. ಮೇಸ್ತ್ರಿ ಕೈಗಳನ್ನು ಹ್ಯಾಂಡಲ್ಲಿಗೆ ಬಿಗಿಯಾಗಿ ಕಚ್ಚಿಸಿಕೊಂಡಿದ್ದ. ಮೂರನೆಯ ಒದೆತಕ್ಕೆ ಇಂಜಿನ್ ಹತ್ತಿಕೊಂಡಿತು. ಅದರ ಸದ್ದು ಚೆನ್ನಾಗಿತ್ತು, ನಿಜವಾಗಿ ಚೆನ್ನಾಗಿತ್ತು. ಮಗಳು ಒಂದು ಗಳಿಗೆ ಎಲ್ಲ ಮರೆತಳು.

"ಬಾರೇ," ಎಂದು ಅವನು ಹೆಂಡತಿಯನ್ನು ಕರೆದ. ಅವಳು ಒದ್ದೆ ಕೈ ಒರೆಸಿಕೊಂಡು ಬಂದು, ಪಕ್ಕಕ್ಕೆ ತಿರುಗಿ ಕೂತು, ಹಲಗೆಯ ಮೇಲೆ ಪಾದ ಜೋಡಿಸಿಟ್ಟಳು. ಎದುರು ಮನೆಯವಳು, "ಮದುವಣಗಿತ್ತಿ ಹಾಗೆ ಕಾಣ್ತೀರಿ," ಎಂದಳು. ಅಮ್ಮ ನಾಚಿದಳು.

"ಅಮ್ಮಾ, ಇಳಿ," ಎಂದಳು ಮಗಳು.

ಅಮ್ಮ ಇಳಿಯಲಿಲ್ಲ. ಮೇಸ್ತ್ರಿ ತಿರುಗಿ ನೋಡಲಿಲ್ಲ. ಗಾಡಿಯನ್ನು ಸ್ಟ್ಯಾಂಡಿನಿಂದ ಇಳಿಸಲು ಅವನು ಕಾಲೂರಿದ.

ಮಗಳು ಮುಂದೆ ಬಂದು ಹಿಂದಿನ ಚಕ್ರದ ಪಕ್ಕ ಕೂತಳು. ಹಳದಿ ಮುದ್ದೆ ಗಟ್ಟಿಯಾಗಿ ಒಣಗಿತ್ತು. ಅವಳು ಸ್ಪ್ಯಾನರ್ ತಂದಿರಲಿಲ್ಲ. ಎರಡು ಬೆರಳಿನಿಂದ ತಿರುಗಿಸಿದಳು. ಪೇಂಟು ಚಕ್ಕೆಯಾಗಿ ಉದುರಿ, ಎರಡೇ ಸುತ್ತಿಗೆ ನಟ್ಟು ಅಂಗೈಗೆ ಬಂತು. ಅದನ್ನು ಎಲ್ಲರಿಗೂ ಕಾಣುವ ಹಾಗೆ ಹಿಡಿದಳು.

ಮೇಸ್ತ್ರಿ ಇಂಜಿನ್ ಆರಿಸಿದ.

"ಹೊಸ ನಟ್ಟು," ಎಂದ ಟೈರ್ ರಾಯ. "ಒಂದೊಂದ್ ಸಲ ಹಾಗಾಗುತ್ತೆ. ಕೊಡಮ್ಮ ಇಲ್ಲಿ, ನಾನು ಹಾಕ್ತೀನಿ."

ಅವಳು ಮುಷ್ಟಿ ಮುಚ್ಚಿದಳು. "ಬೇಡ. ಗೆರೆ ಎಳೆದವರೇ ಹಾಕ್ಬೇಕು. ಡಿಪೋ ಪದ್ಧತಿ ನಿಮಗೆ ಗೊತ್ತಿಲ್ವಾ?" ಆಮೇಲೆ ಅಪ್ಪನ ಕಡೆ ಕೈ ಚಾಚಿದಳು. ದನಿ ಮೆತ್ತಗಿತ್ತು, ಮರ್ಯಾದೆಯದ್ದೇ ಆಗಿತ್ತು. "ತಗೊಳ್ಳಿ ಅಪ್ಪಾ. ಹಾಕಿ ತೋರಿಸಿ."

ಅವನು ಅವಳನ್ನು ನೋಡಿದ. ಅವನಿಗೆ ಆ ಮಾತು ನೆನಪಿತ್ತೋ ಇಲ್ಲವೋ. ಟೈರ್ ರಾಯನಿಗಂತೂ ನೆನಪಿತ್ತು. ಅವನು ತಲೆ ತಗ್ಗಿಸಿ ಚಪ್ಪಲಿ ನೋಡಿಕೊಂಡ.

ಮೇಸ್ತ್ರಿ ಇಳಿದು, ಚಕ್ರದ ಮುಂದೆ ನಿಧಾನಕ್ಕೆ ಕೂತು, ನಟ್ಟು ತೆಗೆದುಕೊಂಡ. ಮುಚ್ಚಿಕೊಳ್ಳಲು ಬಟ್ಟೆ ಇರಲಿಲ್ಲ. ಬಿಸಿಲಿನಲ್ಲಿ ಅವನ ಕೈ ಮೊಣಕೈವರೆಗೂ ಕುಣಿಯುವುದನ್ನು ಎಲ್ಲರೂ ಕಂಡರು. ನಟ್ಟು ತಿರುಪಿನ ತುದಿಗೆ ತಾಗಿತು, ಜಾರಿತು, ತಾಗಿತು. ಎಡಗೈಯಿಂದ ಬಲಗೈ ಹಿಡಿದುಕೊಂಡ. ಎರಡೂ ನಡುಗಿದವು. ನಟ್ಟು ಬಿದ್ದು ಟೈಮ್ ಕೀಪರನ ಕಾಲ ಬಳಿ ಉರುಳಿತು.

ಅವಳು ಹೋಗಿ ಎತ್ತಿಕೊಂಡು, ಮಣ್ಣು ಒರೆಸಿ, ಮತ್ತೆ ಅವನ ಅಂಗೈಯಲ್ಲಿಟ್ಟಳು. ಖುಷಿಯಾಗುತ್ತಿತ್ತು. ನಾಚಿಕೆಯೂ ಆಗುತ್ತಿತ್ತು, ಆದರೆ ಖುಷಿ ಮೊದಲು ಬಂದಿತ್ತು.

"ಸಾಕು ಬಿಡಮ್ಮ," ಎಂದ ಟೈಮ್ ಕೀಪರ್. ಎದುರು ಮನೆಯವರು ಯಾವಾಗಲೋ ಹೊರಟುಹೋಗಿದ್ದರು.

"ಅವಸರ ಏನಿಲ್ಲ," ಎಂದಳು. "ಇನ್ನೂ ನಲವತ್ತೆರಡು ಇವೆ."

ಕಬ್ಬಿಣಕ್ಕೆ ಕಬ್ಬಿಣ ತಾಗುವ ಸಣ್ಣ ಸದ್ದು ಮತ್ತೆ ಶುರುವಾಯಿತು. ಮೇಲೆ ಸೀಟಿನಲ್ಲಿ ಅಮ್ಮ ಇನ್ನೂ ಕೂತೇ ಇದ್ದಳು. ಬೆನ್ನೊರಗಿಗೆ ಒರಗಿ, ಮುಂದಿನ ಖಾಲಿ ಸೀಟಿನ ಅಂಚನ್ನು ಒಂದು ಕೈಯಲ್ಲಿ ಹಿಡಿದುಕೊಂಡು, ಗಾಡಿ ಆಗಲೇ ಹೊರಟಿದೆ ಎನ್ನುವ ಹಾಗೆ ಬೀದಿಯ ಇಳಿಜಾರನ್ನು ನೋಡುತ್ತಿದ್ದಳು.